ತಂತಿಗೆ ತೂಗಿದ ಭಾರ: ಕ್ರೈಸ್ತ ಕಥೆಗಳಲ್ಲಿ ದಾಂಪತ್ಯ, ಪ್ರಲೋಭನೆ ಮತ್ತು ವಿಶ್ವಾಸ



ಹೋದ ಮಳೆಗಾಲದಲ್ಲಿ ಹಾವೇರಿ ಜಿಲ್ಲೆಯ ಹಿರೇಕೆರೂರಿನಲ್ಲಿ ನಾವು ಒಂದು ಮಾತುಕತೆಯನ್ನು ಚಿತ್ರೀಕರಿಸಿದೆವು. ಹೊರಗೆ ಜಿಟಿಜಿಟಿ ಮಳೆ, ಹೊಲಗಳಲ್ಲಿ ಎದೆಯೆತ್ತರ ಬೆಳೆದ ಗೋವಿನಜೋಳ. ಒಳಗೆ ಕಾಲೇಜಿನ ಸಭಾಂಗಣದಲ್ಲಿ ಮೂವರು ಅತಿಥಿಗಳು, ಎದುರಿಗೆ ನಿಮ್ಮಂಥ ವಿದ್ಯಾರ್ಥಿಗಳು. ಕ್ರೈಸ್ತ ಲೇಖಕರ ಕಥೆ ಕಾದಂಬರಿಗಳಲ್ಲಿ ಗಂಡ ಹೆಂಡಿರ ಬಾಳು ಹೇಗೆ ಬರುತ್ತದೆ, ಪ್ರಲೋಭನೆ ಎದುರಾದಾಗ ಅವರ ದೈವವಿಶ್ವಾಸ ಏನಾಗುತ್ತದೆ ಎಂಬುದು ಅಂದಿನ ವಿಷಯ. ಮಾತು ಮುಗಿಯುತ್ತ ಬಂದಾಗ ಬಿ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು:

“ಸರ್, ಇಂಥಾ ಕಥಿಯೊಳಗ ನಂಬಿಕಿ ಇಟ್ಟವರು ಎಲ್ಲಾ ತಡಕೋತಾರ. ಹಂಗಾದ್ರ ಮದುವ್ಯಾಗ ಏನ ಬಂದ್ರೂ ಹೆಣ್ಣಮಕ್ಕಳು ತಡಕೋಬೇಕು ಅಂತ ಈ ಕಥಿ ಕಲಸ್ತಾವೇನ್ರಿ?”

ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು ಎರಡು ಮಾತು ಹೇಳುವಷ್ಟರಲ್ಲಿ ಸಮಯ ಮೀರಿತು. ಮುಂದೆ ಸಂಕಲನಕ್ಕೆ ಕುಳಿತಾಗ ಕಾರ್ಯಕ್ರಮ ನಿಗದಿತ ಅವಧಿಗಿಂತ ಉದ್ದವಾಗಿತ್ತು. ಉತ್ತರವೇ ಪೂರ್ತಿಯಾಗದ ಪ್ರಶ್ನೆಯೆಂದು ಅದನ್ನು ತೆಗೆದುಹಾಕಿದೆ. ಹಾಗೆ ಮಾಡಿದವನು ನಾನೇ, ಬೇರೆ ಯಾರೂ ಅಲ್ಲ. ಪ್ರಸಾರವಾದ ದಿನ ನೋಡುತ್ತ ಕುಳಿತಾಗ ಆ ಮಾತುಕತೆಯಲ್ಲಿ ಉಳಿಸಬೇಕಾಗಿದ್ದುದು ಆ ಪ್ರಶ್ನೆಯೇ ಎಂದು ತಿಳಿಯಿತು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಪುಟಗಳಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಪ್ರಯೋಗಶಾಲೆಯ ತಂತಿ

ಅವಳು ವಿಜ್ಞಾನದ ವಿದ್ಯಾರ್ಥಿನಿ, ನಾನೂ ವಿಜ್ಞಾನ ಓದಿದವನು. ಆದ್ದರಿಂದ ನಮ್ಮಿಬ್ಬರಿಗೂ ಗೊತ್ತಿರುವ ಒಂದು ಪ್ರಯೋಗದಿಂದಲೇ ಆರಂಭಿಸೋಣ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಉದ್ದನೆಯ ಉಕ್ಕಿನ ತಂತಿಯೊಂದನ್ನು ಮೇಲಿನ ತೊಲೆಗೆ ಬಿಗಿಯಾಗಿ ಸಿಕ್ಕಿಸಿ, ಕೆಳತುದಿಗೆ ಅರ್ಧ ಕಿಲೋ, ಒಂದು ಕಿಲೋ ಎಂದು ಭಾರ ತೂಗುತ್ತ ಹೋಗುತ್ತೇವೆ. ಪ್ರತಿಸಲವೂ ತಂತಿ ಎಷ್ಟು ಹಿಗ್ಗಿತೆಂದು ಅಳೆಯುತ್ತೇವೆ. ಒಂದು ಮಿತಿಯವರೆಗೆ ಹಿಗ್ಗುವಿಕೆ ಭಾರಕ್ಕೆ ಅನುಪಾತದಲ್ಲಿರುತ್ತದೆ. ಭಾರ ತೆಗೆದರೆ ತಂತಿ ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. ಸ್ಥಿತಿಸ್ಥಾಪಕ ಮಿತಿಯನ್ನು ದಾಟಿದರೆ ಮರಳುವುದಿಲ್ಲ. ಇನ್ನೂ ಮುಂದಕ್ಕೆ ಹೋದರೆ ಹರಿಯುತ್ತದೆ.

ಇದು ರಾಬರ್ಟ್ ಹುಕ್‌ನ ನಿಯಮ. ಅವನು ಇದನ್ನು ವಿವರಿಸಿದ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದದ್ದು 1678ರಲ್ಲಿ. ಅದೇ ವರ್ಷ ಅದೇ ಲಂಡನ್ನಿನಲ್ಲಿ ಇನ್ನೊಂದು ಪುಸ್ತಕವೂ ಪ್ರಕಟವಾಯಿತು. ಅದು ಜಾನ್ ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’. ಮುಂದೆ ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋದ ಈ ಕಥೆ, ಕ್ರೈಸ್ತ ಕಥಾಸಾಹಿತ್ಯದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಕೃತಿಗಳಲ್ಲೊಂದು. ಇವೆರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ. ಆದರೆ ಎರಡೂ ಕೇಳುವ ಪ್ರಶ್ನೆ ಒಂದೇ ಬಗೆಯದು: ಭಾರ ಹಾಕಿ ನೋಡದೆ ವಸ್ತುವಿನ ಬಲ ತಿಳಿಯುವುದು ಹೇಗೆ?

ಕನ್ನಡ ಬೈಬಲ್ಲಿನ ಒಂದು ಪದ ಇಲ್ಲಿ ನಮಗೆ ನೆರವಾಗುತ್ತದೆ. ಇಂಗ್ಲಿಷಿನ ‘ಟೆಂಪ್ಟೇಷನ್’ ಎಂಬ ಮಾತಿಗೆ ನಾವು ಸಾಮಾನ್ಯವಾಗಿ ‘ಪ್ರಲೋಭನೆ’ ಎನ್ನುತ್ತೇವೆ. ಕನ್ನಡ ಬೈಬಲ್ಲಿನಲ್ಲಿ ಬಳಕೆಯಲ್ಲಿರುವ ಮಾತು ‘ಶೋಧನೆ’. ಶೋಧಿಸುವುದೆಂದರೆ ಹುಡುಕುವುದು, ಸೋಸುವುದು, ಪರೀಕ್ಷಿಸುವುದು. ಮೂಲ ಗ್ರೀಕ್ ಪದಕ್ಕೂ ಪರೀಕ್ಷೆ ಮತ್ತು ಪ್ರಲೋಭನೆ ಎಂಬ ಎರಡೂ ಅರ್ಥಗಳಿವೆ. ಅಂದರೆ ಪ್ರಲೋಭನೆಯನ್ನು ಈ ಕಥೆಗಳು ಬರೀ ಆಸೆಯೆಂದು ನೋಡುವುದಿಲ್ಲ. ಅದು ತಂತಿಗೆ ತೂಗಿದ ಭಾರ.

ಆ ಭಾರವನ್ನು ದಾಂಪತ್ಯದ ಮೇಲೆಯೇ ಏಕೆ ತೂಗಬೇಕು? ತಂತಿಯ ಒಂದು ತುದಿ ಗಟ್ಟಿಯಾಗಿ ಸಿಕ್ಕಿಕೊಂಡಿರದಿದ್ದರೆ ಪ್ರಯೋಗವೇ ನಡೆಯದು. ಸ್ನೇಹದಲ್ಲಿ ಮನಸ್ತಾಪ ಬಂದರೆ ದೂರ ಸರಿಯಬಹುದು. ಮದುವೆ ಹಾಗಲ್ಲ. ಅಲ್ಲಿ ಒಂದು ವಚನ ಕೊಟ್ಟಾಗಿರುತ್ತದೆ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಹೋಶೇಯನೆಂಬ ಪ್ರವಾದಿಯ ಕಥೆಯಿದೆ. ಅವನ ಹೆಂಡತಿ ಗೋಮೆರಳು ವಚನ ಮುರಿಯುತ್ತಾಳೆ. ಅವನು ಅವಳನ್ನು ಮರಳಿ ಕರೆತರುತ್ತಾನೆ. ದೇವರು ಮತ್ತು ಜನರ ನಡುವಿನ ಸಂಬಂಧವನ್ನು ದಾಂಪತ್ಯದ ಮೂಲಕ ಹೇಳುವ ಕ್ರಮ ಅಷ್ಟು ಹಳೆಯದು. ‘ಶರಣಸತಿ ಲಿಂಗಪತಿ’ ಎಂಬ ಭಾವವನ್ನು ಬಲ್ಲ ನಮ್ಮ ನಾಡಿನವರಿಗೆ ಇದು ಅಪರಿಚಿತವೇನಲ್ಲ.

ಬನ್ಯನ್ ಮತ್ತು ಎಲಿಜಬೆತ್

ಈಗ ಬನ್ಯನ್ನನ ಬಾಳನ್ನು ನೋಡೋಣ. ಅವನು ಹುಟ್ಟಿದ್ದು 1628ರಲ್ಲಿ, ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಬಳಿಯ ಹಳ್ಳಿಯಲ್ಲಿ. ತೂತು ಬಿದ್ದ ಪಾತ್ರೆ ಪಡಗಗಳನ್ನು ದುರಸ್ತಿ ಮಾಡುವುದು ಅವನ ಮನೆತನದ ಕಸುಬು. ಸರ್ಕಾರದ ಚರ್ಚಿನ ಅಪ್ಪಣೆಯಿಲ್ಲದೆ ಧರ್ಮಬೋಧನೆ ಮಾಡಿದನೆಂದು 1660ರಲ್ಲಿ ಅವನನ್ನು ಬಂಧಿಸಿದರು. ಇನ್ನು ಮುಂದೆ ಬೋಧಿಸುವುದಿಲ್ಲವೆಂದು ಮಾತು ಕೊಟ್ಟರೆ ಬಿಡುಗಡೆ ಮಾಡಲು ಅಧಿಕಾರಿಗಳು ಸಿದ್ಧರಿದ್ದರು. ಅವನು ಒಪ್ಪಲಿಲ್ಲ. 1672ರವರೆಗೆ, ಹನ್ನೆರಡು ವರ್ಷ ಸೆರೆಮನೆಯಲ್ಲಿದ್ದ. ಅಲ್ಲಿಯೇ ಲಾಡಿ ಹೆಣೆದು ಮನೆಯ ಖರ್ಚಿಗೆ ಕೈಲಾದಷ್ಟು ಒದಗಿಸುತ್ತಿದ್ದ.

ಮನೆಯಲ್ಲಿ ಇದ್ದವರು ಯಾರು? ಮೊದಲ ಹೆಂಡತಿಯ ನಾಲ್ವರು ಮಕ್ಕಳು. ಅವರಲ್ಲಿ ಹಿರಿಯ ಮಗಳು ಕುರುಡಿ. ಅವರನ್ನು ಸಾಕುತ್ತಿದ್ದವಳು ಎರಡನೆಯ ಹೆಂಡತಿ ಎಲಿಜಬೆತ್. ಗಂಡನ ಬಂಧನದ ಆಘಾತಕ್ಕೆ ಅವಳಿಗೆ ಅಕಾಲದಲ್ಲಿ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಇಲ್ಲಿ ಪ್ರಲೋಭನೆ ಯಾವುದೆಂದು ಯೋಚಿಸಿ. ಬನ್ಯನ್ನನಿಗೆ ಬಂದ ಪ್ರಲೋಭನೆ ಹೆಂಡವೂ ಅಲ್ಲ, ಹೊನ್ನೂ ಅಲ್ಲ. ಹೆಂಡತಿ ಮಕ್ಕಳ ಬಳಿಗೆ ಮರಳುವ ಆಸೆ ಅದು. ಅದನ್ನು ಪಾಪವೆಂದು ಯಾರಾದರೂ ಹೇಳಲಾದೀತೆ? ಒಳ್ಳೆಯದರ ರೂಪದಲ್ಲಿ ಬರುವ ಶೋಧನೆಯೇ ಎಲ್ಲಕ್ಕಿಂತ ಭಾರವಾದದ್ದು.

ಎಲಿಜಬೆತ್ ಸುಮ್ಮನೆ ಕೂರಲಿಲ್ಲ. ಅರ್ಜಿ ಹಿಡಿದು ಲಂಡನ್ನಿಗೆ ಹೋದಳು. 1661ರಲ್ಲಿ ಬೆಡ್‌ಫರ್ಡಿಗೆ ಬಂದ ನ್ಯಾಯಾಧೀಶರ ಎದುರು ನಿಂತು ಗಂಡನ ಪರವಾಗಿ ತಾನೇ ವಾದಿಸಿದಳು. ಅವರಲ್ಲಿ ಮ್ಯಾಥ್ಯೂ ಹೇಲ್ ಎಂಬಾತ ಕನಿಕರದಿಂದ ಕೇಳಿಸಿಕೊಂಡನಾದರೂ ಬಿಡುಗಡೆಯಾಗಲಿಲ್ಲ. ಬನ್ಯನ್ ಅವಳ ಮಾತುಗಳನ್ನೆಲ್ಲ ಬರೆದಿಟ್ಟಿದ್ದ. ಆದರೆ ಆ ಬರಹ ಅಚ್ಚಾದದ್ದು 1765ರಲ್ಲಿ, ಅವಳು ಕೋರ್ಟಿನಲ್ಲಿ ಮಾತಾಡಿದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ.

ಹೆಸರಿಲ್ಲದ ಹೆಂಡತಿ

ಈ ಹಿನ್ನೆಲೆಯಲ್ಲಿ ಕಥೆಯನ್ನು ಓದಿ ನೋಡಿ. ಕ್ರಿಶ್ಚಿಯನ್ ಎಂಬ ಗೃಹಸ್ಥ ಬೆನ್ನ ಮೇಲೆ ದೊಡ್ಡ ಹೊರೆ ಹೊತ್ತಿದ್ದಾನೆ. ತನ್ನ ಊರಿಗೆ ನಾಶ ಕಾದಿದೆಯೆಂದು ಅವನಿಗೆ ತಿಳಿಯುತ್ತದೆ. ಮನೆಯವರು ನಂಬುವುದಿಲ್ಲ. ಹೆಂಡತಿ ಮಕ್ಕಳು ಕೂಗಿ ಕರೆಯುತ್ತಿರುವಾಗಲೇ ಅವನು ಕಿವಿಗೆ ಬೆರಳಿಟ್ಟುಕೊಂಡು ಓಡಿಬಿಡುತ್ತಾನೆ. ದಾರಿಯಲ್ಲಿ ಎಲ್ಲವನ್ನೂ ಮಾರುವ ಆಡಂಬರದ ಸಂತೆ ಬರುತ್ತದೆ. ಸಂದೇಹವೆಂಬ ಕೋಟೆಯಲ್ಲಿ ನಿರಾಶೆಯೆಂಬ ದೈತ್ಯ ಅವನನ್ನು ಸೆರೆಯಿಡುತ್ತಾನೆ. ಎಲ್ಲವನ್ನೂ ದಾಟಿ ಅವನು ದೇವನಗರ ಸೇರುತ್ತಾನೆ.

ಈ ಮೊದಲ ಭಾಗದಲ್ಲಿ ಅವನ ಹೆಂಡತಿಗೆ ಹೆಸರೇ ಇಲ್ಲ! ಅವಳ ಕೂಗು ನಮಗೆ ಕೇಳಿಸುತ್ತದೆ, ಅವಳ ಮನಸ್ಸು ಕಾಣಿಸುವುದಿಲ್ಲ. ಬನ್ಯನ್ನನಿಗೂ ಇದು ಕೊರತೆಯೆನಿಸಿರಬೇಕು. ಆರು ವರ್ಷಗಳ ಮೇಲೆ, 1684ರಲ್ಲಿ, ಎರಡನೆಯ ಭಾಗ ಬರೆದ. ಅದರಲ್ಲಿ ಅವಳಿಗೆ ಕ್ರಿಸ್ಟಿಯಾನಾ ಎಂಬ ಹೆಸರು ಬಂತು. ನಾಲ್ವರು ಗಂಡುಮಕ್ಕಳು ಮತ್ತು ನೆರೆಯ ಯುವತಿಯೊಬ್ಬಳೊಂದಿಗೆ ಅವಳೂ ಅದೇ ದಾರಿ ಹಿಡಿಯುತ್ತಾಳೆ. ಗಂಡ ಹೆಚ್ಚುಕಡಿಮೆ ಒಂಟಿಯಾಗಿ ನಡೆದ ದಾರಿಯಲ್ಲಿ ಇವಳ ಗುಂಪು ಬೆಳೆಯುತ್ತ ಹೋಗುತ್ತದೆ. ಮುದುಕರು, ಕುಂಟರು, ಮನಸ್ಸು ಗಟ್ಟಿಯಿಲ್ಲದವರು ಕೂಡ ಸೇರಿಕೊಳ್ಳುತ್ತಾರೆ. ಗಂಡ ಹೇಗೋ ತಪ್ಪಿಸಿಕೊಂಡು ಬಂದ ಸಂದೇಹದ ಕೋಟೆಯನ್ನು ಇವಳ ಗುಂಪಿನವರು ಕೆಡವಿಯೇ ಹಾಕುತ್ತಾರೆ.

ಒಂದೇ ಲೇಖಕ, ಒಂದೇ ದಾರಿ. ಆದರೆ ಮೊದಲ ಸಲ ಭಾರ ಹೊತ್ತವನಷ್ಟೇ ಮಾತಾಡಿದ, ಎರಡನೆಯ ಸಲ ಆ ಭಾರ ಯಾರ ಮೇಲೆ ಬಿದ್ದಿತ್ತೋ ಅವಳು ಮಾತಾಡಿದಳು. ಇದನ್ನು ನೆನಪಿನಲ್ಲಿಡಿ. ನಮ್ಮ ಉತ್ತರ ಇಲ್ಲಿಂದಲೇ ಬರಲಿದೆ.

ಬೆಳಗಾವಿಯ ಲೇಖಕ, ಮಂಗಳೂರಿನ ಅಚ್ಚುಕೂಟ

ಈ ಬಗೆಯ ಕಥೆ ನಮ್ಮ ನಾಡಿಗೆ ಹೇಗೆ ಬಂತು? ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿದರು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ (1843) ಹೊರತಂದವರೂ ಅವರೇ. ಬನ್ಯನ್ನನ ಕಥೆಯನ್ನು 19ನೆಯ ಶತಮಾನದ ನಡುಭಾಗದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದದ್ದೂ ಈ ಮಿಷನ್ನಿನ ಕೆಲಸವೇ.

ಅದು ಅನುವಾದವಾಯಿತು. ನಮ್ಮ ಮಣ್ಣಿನಲ್ಲೇ ಹುಟ್ಟಿದ ಕ್ರೈಸ್ತ ಕಾದಂಬರಿಯೊಂದನ್ನು ನೋಡಬೇಕಾದರೆ ಬೆಳಗಾವಿಗೆ ಹೋಗಬೇಕು. ಬಾಬಾ ಪದ್ಮನ್‌ಜಿ ಅಲ್ಲಿ 1831ರಲ್ಲಿ ಹುಟ್ಟಿ, 1854ರಲ್ಲಿ ಅಲ್ಲಿಯೇ ಕ್ರೈಸ್ತ ದೀಕ್ಷೆ ಪಡೆದರು. ಅವರು ಮರಾಠಿಯಲ್ಲಿ ಬರೆದ ‘ಯಮುನಾ ಪರ್ಯಟನ’ 1857ರಲ್ಲಿ ಪ್ರಕಟವಾಯಿತು. ಮರಾಠಿಯ ಮೊದಲ ಕಾದಂಬರಿಯೆಂದು ಅದನ್ನು ಗುರುತಿಸುತ್ತಾರೆ. ಯಮುನೆ ಗಂಡನೊಂದಿಗೆ ಊರೂರು ಸುತ್ತುತ್ತಾಳೆ. ಹೋದಲ್ಲೆಲ್ಲ ವಿಧವೆಯರನ್ನು ಕಂಡು ಅವರ ಕಥೆ ಕೇಳುತ್ತಾಳೆ. ಕೊನೆಗೆ ಗಂಡ ತೀರಿಕೊಂಡು ತಾನೇ ವಿಧವೆಯಾಗುತ್ತಾಳೆ. ಅದುವರೆಗೆ ಕೇಳಿದ ಕಷ್ಟಗಳೆಲ್ಲ ಈಗ ಅವಳದೇ. ಮುಂದೆ ಅವಳು ಕ್ರೈಸ್ತ ಧರ್ಮವನ್ನು ಸ್ವೀಕರಿಸಿ ಮರುಮದುವೆಯಾಗುತ್ತಾಳೆ. ವಿಧವಾ ಪುನರ್ವಿವಾಹದ ಕಾಯಿದೆ ಬಂದದ್ದು 1856ರಲ್ಲಿ, ಈ ಕಾದಂಬರಿಗೆ ಒಂದೇ ವರ್ಷ ಮೊದಲು ಎಂಬುದನ್ನು ಗಮನಿಸಿ.

ಇದರಲ್ಲಿ ಒಂದು ದೌರ್ಬಲ್ಯವೂ ಇದೆ. ಕಥೆ ಎಲ್ಲಿ ಮುಗಿಯಬೇಕೆಂದು ಲೇಖಕರು ಮೊದಲೇ ತೀರ್ಮಾನಿಸಿದ್ದಾರೆ. ಫಲಿತಾಂಶವನ್ನು ಮೊದಲೇ ಬರೆದಿಟ್ಟುಕೊಂಡು ಪ್ರಯೋಗ ಮಾಡಿದಂತೆ ಇದು. ಧರ್ಮಪ್ರಚಾರಕ್ಕಾಗಿ ಬರೆದ ಕಥೆಗಳಲ್ಲಿ ಇದು ಸಾಮಾನ್ಯ ದೋಷ. ಹಾಗಿದ್ದರೂ ಅದು ವಿಧವೆಯರ ಮಾತನ್ನು ಒಬ್ಬೊಬ್ಬರದಾಗಿ ಕೇಳಿಸುತ್ತದೆ. ಅವರಿಗೆ ಬಂದದ್ದು ವಿಧಿಯಲ್ಲ, ಮನುಷ್ಯರು ಹೊರಿಸಿದ ಭಾರ ಎಂದು ತೋರಿಸುತ್ತದೆ. ಮತಾಂತರವೂ ದಾಂಪತ್ಯದ ಮೇಲೆ ಭಾರ ಹೊರಿಸುತ್ತಿತ್ತು. ಆ ಕಾರಣಕ್ಕೆ ಸಂಗಾತಿ ಬಿಟ್ಟುಹೋದಾಗ ಮದುವೆಯ ಗತಿಯೇನು ಎಂಬ ಪ್ರಶ್ನೆ ಎಷ್ಟು ಮನೆಗಳಲ್ಲಿ ಎದ್ದಿತ್ತೆಂದರೆ, 1866ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಮಾಡಬೇಕಾಯಿತು.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899), ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಲೇಖಕರು ಸಾರಸ್ವತ ಸಮಾಜದವರು, ಕಥೆಯೂ ಆ ಸಮಾಜದ್ದೇ. ಅದರ ನಾಯಕಿಯೂ ಮರುಮದುವೆಯಾಗುವ ಎಳೆಯ ವಿಧವೆ. ಧರ್ಮ ಬೇರೆಯಾದರೂ ಪ್ರಶ್ನೆ ಅದೇ.

ತಂತಿ ಹರಿದಾಗ

ಪ್ರಯೋಗದಲ್ಲಿ ತಂತಿ ಹರಿದರೆ ಅದೂ ಒಂದು ಫಲಿತಾಂಶವೇ. 20ನೆಯ ಶತಮಾನದ ಲೇಖಕರು ಇದನ್ನು ಒಪ್ಪಿಕೊಂಡರು. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ 1926ರಲ್ಲಿ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದವರು. ಅವರ ‘ದಿ ಹಾರ್ಟ್ ಆಫ್ ದಿ ಮ್ಯಾಟರ್’ (1948) ಕಾದಂಬರಿಯ ನಾಯಕ ಸ್ಕೋಬಿ, ಪಶ್ಚಿಮ ಆಫ್ರಿಕದಲ್ಲಿ ಪೊಲೀಸ್ ಅಧಿಕಾರಿ. ಲಂಚ ಮುಟ್ಟದವನೆಂದು ಹೆಸರಾದವನು. ಹೆಂಡತಿಯ ದುಃಖ ಅವನಿಗೆ ನೋಡಲಾಗದು. ಅವಳು ಊರಿನಲ್ಲಿ ಇಲ್ಲದಾಗ ಪರಿಚಯವಾದ, ಹಡಗು ಮುಳುಗಿ ಗಂಡನನ್ನು ಕಳೆದುಕೊಂಡ ಎಳೆಯ ಹೆಣ್ಣಿನ ದುಃಖವೂ ನೋಡಲಾಗದು. ಕನಿಕರದಿಂದಲೇ ತಪ್ಪಿಗಿಳಿಯುತ್ತಾನೆ. ಇಬ್ಬರಿಗೂ ನೋವಾಗಬಾರದೆಂದು ಇಬ್ಬರಿಗೂ ಸುಳ್ಳು ಹೇಳುತ್ತಾನೆ. ಪೂಜೆಯಲ್ಲಿ ಪ್ರಸಾದ ಸ್ವೀಕರಿಸುವಾಗಲೂ ತನ್ನ ನಂಬಿಕೆಯ ಪ್ರಕಾರವೇ ಅಪರಾಧಿಯಾಗುತ್ತಾನೆ. ಅವನ ಅಂತ್ಯ ದುರಂತದ್ದು.

ಅವನ ತಪ್ಪು ಎಲ್ಲಿ ಆರಂಭವಾಯಿತು? ಎಲ್ಲ ಭಾರವನ್ನೂ ತಾನೊಬ್ಬನೇ ಮೌನವಾಗಿ ಹೊರುತ್ತೇನೆಂದು ಹೊರಟದ್ದರಲ್ಲಿ ಎಂದು ನನಗನ್ನಿಸುತ್ತದೆ. ಸಹನೆಯನ್ನೇ ಗುಣವೆಂದುಕೊಂಡವನು ಮಾತಾಡಬೇಕಾದಲ್ಲಿ ಮಾತಾಡಲಿಲ್ಲ.

ಸಾಗರದ ನಾ. ಡಿಸೋಜ

ಹಿರೇಕೆರೂರಿಗೆ ಹತ್ತಿರದ ಒಬ್ಬ ಲೇಖಕರನ್ನು ಈಗ ನೆನೆಯೋಣ. ನಾ. ಡಿಸೋಜ (1937–2025) ಶಿವಮೊಗ್ಗ ಜಿಲ್ಲೆಯ ಸಾಗರದವರು. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರು, 2014ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯ ಹೆಸರೇ ಹೇಳುವಂತೆ, ಮಲೆನಾಡಿನ ಕ್ರೈಸ್ತರ ಮನೆಬದುಕನ್ನು ಕನ್ನಡಕ್ಕೆ ತಂದುಕೊಟ್ಟರು.

ಆದರೆ ಅವರ ಬಹಳ ಪ್ರಸಿದ್ಧ ಕಥೆ ‘ದ್ವೀಪ’ದಲ್ಲಿ ಬರುವುದು ಕ್ರೈಸ್ತ ಮನೆಯಲ್ಲ. ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಅದನ್ನು ಚಲನಚಿತ್ರವಾಗಿಸಿದರು, ಅದು ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಅಣೆಕಟ್ಟಿನ ನೀರು ಏರುತ್ತ ಬಂದು ಗುಡ್ಡದ ಮೇಲಿನ ಮನೆಯೊಂದು ದ್ವೀಪವಾಗುತ್ತದೆ. ಅಲ್ಲಿ ಗಣಪ ಮತ್ತು ಅವನ ಹೆಂಡತಿ ನಾಗಿ. ನೆರವಿಗೆಂದು ಬಂದ ಕೃಷ್ಣನೆಂಬ ಯುವಕನಿಂದ ಮನೆಗೆ ನಗೆ ಮರಳುತ್ತದೆ, ಅದರೊಂದಿಗೆ ಗಂಡನ ಮನಸ್ಸಿನಲ್ಲಿ ಶಂಕೆಯೂ ಹುಟ್ಟುತ್ತದೆ. ಭಾರೀ ಮಳೆಯ ರಾತ್ರಿ ಧೈರ್ಯಗೆಡದೆ ದುಡಿದವಳು ನಾಗಿ. ಬೆಳಗಾದ ಮೇಲೆ ಗಣಪ ದೇವರ ಕೃಪೆಯನ್ನು ನೆನೆಯುತ್ತಾನೆ, ಅವಳ ದುಡಿಮೆಯನ್ನಲ್ಲ. ನಾಗಿಯ ಮುಖವನ್ನು ಆಗ ನೋಡಿದವರು ಮರೆಯುವುದಿಲ್ಲ. ಗಂಡನ ವಿಶ್ವಾಸ ಉಳಿಯಿತು. ಅದನ್ನು ಉಳಿಸಿದವಳು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಪ್ರಶ್ನೆಗೆ ಉತ್ತರ

ಈಗ ಹಿರೇಕೆರೂರಿನ ಆ ಪ್ರಶ್ನೆಗೆ ಮರಳೋಣ. ಏನು ಬಂದರೂ ತಡೆದುಕೊಳ್ಳಬೇಕೆಂದು ಈ ಕಥೆಗಳು ಕಲಿಸುತ್ತವೆಯೇ? ಕೆಲವು ಕಲಿಸುತ್ತವೆ. ಅವುಗಳನ್ನು ಗುರುತಿಸುವುದು ಕಷ್ಟವಲ್ಲ. ಅವುಗಳಲ್ಲಿ ಭಾರ ಹೊತ್ತವರಿಗೆ ಬಾಯಿಯೇ ಇರುವುದಿಲ್ಲ. ಕೊನೆಯ ಪುಟದಲ್ಲಿ ಸಹನೆಗೆ ಒಂದು ಬಹುಮಾನ ಕೊಟ್ಟು ಕಳಿಸುತ್ತಾರೆ. ಒಳ್ಳೆಯ ಕಥೆಗಳು ಹಾಗಲ್ಲ. ಎಲಿಜಬೆತ್ ನ್ಯಾಯಾಧೀಶರ ಎದುರು ನಿಂತದ್ದು ವಿಶ್ವಾಸವಿಲ್ಲದೆ ಅಲ್ಲ, ವಿಶ್ವಾಸವಿದ್ದದ್ದರಿಂದ. ಕ್ರಿಸ್ಟಿಯಾನಾ ಗಂಡನ ದಾರಿ ಹಿಡಿದರೂ ನಡೆದದ್ದು ತನ್ನ ಕಾಲಿನಿಂದ. ಯಮುನೆ ತನಗೆ ಹೊರಿಸಿದ ಬಾಳನ್ನು ಬಿಟ್ಟು ಹೊರಬಂದಳು.

ಇದಕ್ಕೆ ನೀವು ದೂರ ಹೋಗಬೇಕಾಗಿಲ್ಲ. ಹಿರೇಕೆರೂರಿಗೆ ಹೊಂದಿಕೊಂಡ ಶಿಕಾರಿಪುರ ತಾಲ್ಲೂಕಿನಲ್ಲಿ ಉಡುತಡಿಯಿದೆ, ಅಕ್ಕಮಹಾದೇವಿಯ ಊರು. ಹರಿಹರನ ರಗಳೆಯಲ್ಲಿ ಅವಳು ಕೌಶಿಕನಿಗೆ ಕೆಲವು ನಿಬಂಧನೆಗಳನ್ನು ಹಾಕಿಯೇ ಮದುವೆಗೆ ಒಪ್ಪುತ್ತಾಳೆ. ಅವನು ಅವನ್ನು ಮೀರಿದಾಗ ಅರಮನೆಯನ್ನು ಬಿಟ್ಟು ನಡೆಯುತ್ತಾಳೆ. ಅವಳ ಭಕ್ತಿಗೆ ಅದರಿಂದ ಕುಂದು ಬಂತೆಂದು ಎಂಟುನೂರು ವರ್ಷಗಳಲ್ಲಿ ನಮ್ಮ ನಾಡು ಹೇಳಿಲ್ಲ.

ತಂತಿಯ ಹೋಲಿಕೆಯೂ ಇಲ್ಲಿಗೆ ನಿಲ್ಲಬೇಕು. ತಂತಿ ತನ್ನ ಮಿತಿಯನ್ನು ತಾನು ಹೇಳಲಾರದು, ಹರಿದಾಗಲೇ ನಮಗೆ ತಿಳಿಯುವುದು. ಮನುಷ್ಯರು ಹೇಳಬಲ್ಲರು. ಬಡತನ, ಕಾಯಿಲೆ, ಅಗಲಿಕೆ ಇವು ಇಬ್ಬರೂ ಸೇರಿ ಹೊರಬಹುದಾದ ಭಾರಗಳು. ಹೊಡೆತ, ಬೆದರಿಕೆ, ಅವಮಾನ ಇವು ಒಬ್ಬರು ಇನ್ನೊಬ್ಬರ ಮೇಲೆ ಹೊರಿಸುವ ಭಾರಗಳು. ಎರಡನ್ನೂ ‘ಪರೀಕ್ಷೆ’ ಎಂಬ ಒಂದೇ ಹೆಸರಿನಿಂದ ಕರೆಯುವವರನ್ನು ನಂಬಬೇಡಿ. ಎರಡನೆಯದಕ್ಕೆ ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಿದೆ, 181 ಎಂಬ ಮಹಿಳಾ ಸಹಾಯವಾಣಿಯಿದೆ. ಅವುಗಳ ನೆರವು ಪಡೆಯುವುದು ಯಾವ ಧರ್ಮಕ್ಕೂ ದ್ರೋಹವಲ್ಲ.

ತಂಗೀ, ಅಂದು ನಿನ್ನ ಪ್ರಶ್ನೆಯನ್ನು ಕತ್ತರಿಸಿದ್ದು ನನ್ನ ತಪ್ಪು. ಉತ್ತರ ಪೂರ್ಣವಾಗಿದೆಯೆಂದು ಈಗಲೂ ಹೇಳಲಾರೆ. ಪ್ರಶ್ನೆಯಂತೂ ಇಲ್ಲಿ ಅಚ್ಚಾಗಿದೆ.

ನೀವೇ ಮಾಡಿ ನೋಡಿ

1. ನೀವು ಓದಿದ ಯಾವುದಾದರೂ ಕಥೆಯಲ್ಲಿ ಗಂಡ ಅಥವಾ ಹೆಂಡತಿಗೆ ಬಂದ ಶೋಧನೆ ಯಾವುದು? ಅದು ಕೆಟ್ಟದ್ದರ ರೂಪದಲ್ಲಿ ಬಂತೋ ಒಳ್ಳೆಯದರ ರೂಪದಲ್ಲಿ ಬಂತೋ? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

2. ಅದೇ ಕಥೆಯಲ್ಲಿ ಮಾತೇ ಆಡದ ಪಾತ್ರವೊಂದನ್ನು ಆರಿಸಿಕೊಂಡು, ಅವರ ಬಾಯಿಂದ ಕಥೆಯನ್ನು ಒಂದು ಪುಟದಲ್ಲಿ ಹೇಳಿಸಿ.

3. ಅಕ್ಕಮಹಾದೇವಿ ಹೊರಟದ್ದಕ್ಕೂ ಬನ್ಯನ್ನನ ಕ್ರಿಶ್ಚಿಯನ್ ಹೊರಟದ್ದಕ್ಕೂ ಇರುವ ಹೋಲಿಕೆ ಯಾವುದು, ವ್ಯತ್ಯಾಸ ಯಾವುದು? ತರಗತಿಯಲ್ಲಿ ಚರ್ಚಿಸಿ.

4. ನಿಮ್ಮ ಮನೆಯ ಹಿರಿಯರಲ್ಲಿ ಒಬ್ಬರನ್ನು ಕೇಳಿ: ಅವರ ಬಾಳಿನಲ್ಲಿ ‘ಸಾಕು’ ಎಂದು ಹೇಳಿದ ಒಂದು ಸಂದರ್ಭ ಯಾವುದು? ಅವರು ಹೇಳುವಾಗ ನಡುವೆ ತಡೆಯಬೇಡಿ.